ಮುಖ ನೋಡಿ ಮಣೆ, ಬಣ್ಣ ನೋಡಿ ಟಿಕೆಟ್

ಮೆಟ್ಟೂರಿನಿಂದ ಮಾದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಕೊಳತ್ತೂರು. ಅದೇ ದಾರಿಯಲ್ಲಿ ಮುಂದೆ ಹೋಗಿ ಪಾಲಾರ್ ದಾಟಿದರೆ ಚಾಮರಾಜನಗರ ಜಿಲ್ಲೆ. ಈ ಗಡಿ ಸೀಮೆಯವರಿಗೆ ಹತ್ತಿರದ ವಿಮಾನ ನಿಲ್ದಾಣವೆಂದರೆ ಓಮಲೂರು ಕಡೆಯ ಕಾಮಲಾಪುರದ್ದು. ಟಿಕೆಟ್ಟಿನಲ್ಲಿ ಅದರ ಹೆಸರು ಸೇಲಂ. ಚಿಕ್ಕ ನಿಲ್ದಾಣ. 1993ರಿಂದ ಇದೆಯಾದರೂ ವಿಮಾನ ಬಂದ ವರ್ಷಗಳಿಗಿಂತ ಬಾರದ ವರ್ಷಗಳೇ ಹೆಚ್ಚು. 2009ರ ಕೊನೆಗೆ ಕಿಂಗ್‌ಫಿಷರ್ ಚೆನ್ನೈಯಿಂದ ಇಲ್ಲಿಗೆ ಹಾರಾಟ ಶುರು ಮಾಡಿತು, ಸ್ವಲ್ಪ ಕಾಲ ನಡೆಸಿ ನಿಲ್ಲಿಸಿತು. 2018ರ ಮಾರ್ಚ್‌ನಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಬಂತು, ಕೆಲವು ವರ್ಷದಲ್ಲಿ ಅದೂ ಹೋಯಿತು. 2023ರ ಅಕ್ಟೋಬರ್‌ನಲ್ಲಿ ಅಲಯನ್ಸ್ ಏರ್, ಅದರ ಬೆನ್ನಿಗೇ ಇಂಡಿಗೊ ಬೆಂಗಳೂರಿನಿಂದ ಬರತೊಡಗಿದವು.

ಈ ನಾಲ್ಕೂ ಕಂಪನಿಗಳು ತಂದದ್ದು ಒಂದೇ ಜಾತಿಯ ವಿಮಾನ. ಫ್ರಾನ್ಸಿನ ತುಲೂಸ್‌ನಲ್ಲಿ ಜೋಡಿಸುವ, ಎರಡು ಪ್ರೊಪೆಲ್ಲರಿನ ಎಟಿಆರ್. ರೆಕ್ಕೆ ಅದೇ, ಕಿಟಕಿ ಅದೇ, ಕಿವಿಗಡಚಿಕ್ಕುವ ಸದ್ದೂ ಅದೇ. ಕೆಂಪು ಮೈಯ ಮೇಲೆ ಮಿಂಚುಳ್ಳಿ ಹಕ್ಕಿಯನ್ನು ಹೊತ್ತು ಬಂದ ಎಟಿಆರ್‌ಗೂ, ಕಡುನೀಲಿ ಬಾಲದಲ್ಲಿ ಬಿಳಿ ಚುಕ್ಕಿಗಳ ವಿಮಾನವನ್ನು ಬರೆಸಿಕೊಂಡ ಎಟಿಆರ್‌ಗೂ ದೂರದಿಂದ ನೋಡುವವನಿಗೆ ಕಾಣುವ ಅಂತರ ಬಣ್ಣ ಮಾತ್ರ.

ಹತ್ತಿರದಿಂದ ನೋಡುವ ಅವಕಾಶವೂ ಇಂಥ ಸಣ್ಣ ನಿಲ್ದಾಣದಲ್ಲೇ ಹೆಚ್ಚು. ಬೆಂಗಳೂರಿನಲ್ಲಿ ಏರೋಬ್ರಿಜ್ ಹಿಡಿದು ಹೋಗುವವರಿಗೆ ಬಾಗಿಲ ಸುತ್ತಲಿನ ಗೇಣಗಲ ಬಿಟ್ಟರೆ ವಿಮಾನದ ಮೈ ಕಾಣುವುದೇ ಇಲ್ಲ. ಇಲ್ಲಿ ಬಿಸಿಲಲ್ಲಿ ನಡೆದೇ ಹೋಗಬೇಕು. ಎಟಿಆರ್‌ನ ಮುಂದಿನ ಬಾಗಿಲು ಸಾಮಾನಿಗೆ, ಹಿಂದಿನದು ಜನಕ್ಕೆ. ಹಾಗಾಗಿ ಮೆಟ್ಟಿಲ ಬುಡದಲ್ಲಿ ಸಾಲು ನಿಂತವರ ಕಣ್ಣೆದುರಿಗೇ ವಿಮಾನದ ಪಕ್ಕೆ. ಎಂಜಿನ್ನಿನ ಹಿಂದೆ ಗಾಳಿ ಎಳೆದ ಮಸಿಯ ಗೀಟು, ಬಾಗಿಲ ಅಂಚಿನಲ್ಲಿ ಸಾಮಾನು ತಾಗಿ ಎದ್ದ ಚಕ್ಕೆ, ಸಾಲು ಸಾಲು ರಿವೆಟ್‌ಗಳ ತಲೆಯ ಮೇಲೆ ಕಾಸಿನಗಲ ಉದುರಿ ಇಣುಕುವ ಹಳದಿ-ಹಸಿರು ಪ್ರೈಮರ್, ಅದಕ್ಕೂ ಕೆಳಗೆ ಮಂಕು ಬೆಳ್ಳಿಯಂಥ ಅಲ್ಯೂಮಿನಿಯಂ. ಇದನ್ನೆಲ್ಲ ಕಂಡ ಪ್ರಯಾಣಿಕನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಮೇಲೆ ಹೀಗಿದ್ದರೆ ಒಳಗೆ ಹೇಗೋ?

ಅಮೆರಿಕದಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ವಿಮಾನ ಕಂಪನಿ ಕಟ್ಟಿದ ಡೊನಾಲ್ಡ್ ಬರ್ ಈ ಪ್ರಶ್ನೆಯನ್ನು 1980ರ ದಶಕದಲ್ಲೇ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಸೀಟಿನ ಮುಂದಿನ ಮಡಚುವ ಟ್ರೇ ಮೇಲೆ ಕಾಫಿ ಕಲೆ ಕಂಡರೆ ಪ್ರಯಾಣಿಕರು ಎಂಜಿನ್ನನ್ನೂ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದೇ ತಿಳಿಯುತ್ತಾರೆ ಎಂಬುದು ಅವರ ಮಾತಿನ ಸಾರ. ಎಂಜಿನ್ನನ್ನು ಬಿಚ್ಚಿ ನೋಡುವ ಅವಕಾಶ ಯಾವ ಪ್ರಯಾಣಿಕನಿಗೂ ಇಲ್ಲ. ಕಂಡದ್ದನ್ನು ಹಿಡಿದು ಕಾಣದ್ದನ್ನು ಅಳೆಯುತ್ತಾನೆ. ಆ ಅಳತೆ ಎಷ್ಟು ಸರಿ ಎಂಬುದೇ ಇಲ್ಲಿನ ವಿಷಯ.

ಮೊದಲು ಬಣ್ಣ ಯಾಕೆ ಕಿತ್ತುಬರುತ್ತದೆ ನೋಡೋಣ. ಪ್ರೈಮರ್, ಬಣ್ಣ, ಮೇಲಿನ ಹೊಳಪಿನ ಪದರ ಎಲ್ಲ ಸೇರಿಸಿದರೂ ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಆದರೂ ಒಂದು ಜಂಬೋ ಜೆಟ್ಟಿನ ಮೈಮೇಲೆ ಅದು ಕಾಲು ಟನ್ನಿನಷ್ಟು ತೂಗುತ್ತದೆ. ಚಿತ್ತಿರೈ ತಿಂಗಳ ಬೇಸಿಗೆಯ ಬಿಸಿಲಲ್ಲಿ ಸೇಲಂನ ನೆಲದ ಮೇಲೆ ನಿಂತ ವಿಮಾನದ ತಗಡು ಮುಟ್ಟಲಾಗದಷ್ಟು ಸುಡುತ್ತದೆ. ಜೆಟ್ ವಿಮಾನವಾದರೆ ಅರ್ಧ ಗಂಟೆಯೊಳಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿರುತ್ತದೆ. ಒಳಗೆ ಜನ ಉಸಿರಾಡಲೆಂದು ಗಾಳಿಯೊತ್ತಡ ಏರಿಸಿದಾಗ ಇಡೀ ಮೈ ತುಸು ಉಬ್ಬುತ್ತದೆ, ಇಳಿದಾಗ ಮತ್ತೆ ಕುಗ್ಗುತ್ತದೆ. ದಿನಕ್ಕೆ ಐದಾರು ಸಲ, ವರ್ಷಗಟ್ಟಲೆ. ಈ ಸೆಳೆತ ಹೆಚ್ಚು ಬೀಳುವುದು ರಿವೆಟ್‌ಗಳ ತಲೆಯ ಸುತ್ತ. ತಗಡೂ ರಿವೆಟ್ಟೂ ಬೇರೆ ಬೇರೆಯಾಗಿ ಅಲುಗಿದಾಗ ನಡುವಿನ ಬಣ್ಣ ಬಿರಿಯುತ್ತದೆ. ಬಿರಿದ ಸಂದಿಗೆ ಗಂಟೆಗೆ ಎಂಟುನೂರು ಕಿಲೋಮೀಟರ್ ವೇಗದ ಗಾಳಿ ಉಗುರು ಹಾಕುತ್ತದೆ.

ಮೂತಿಗೂ ರೆಕ್ಕೆಯ ಮುಂದಂಚಿಗೂ ಮಳೆಹನಿಯೇ ಮರಳಿನಂತೆ ಬಡಿಯುತ್ತದೆ. ಎತ್ತರದಲ್ಲಿ ಸೂರ್ಯನ ನೇರಳಾತೀತ ಕಿರಣಗಳ ಕಾಟ ನೆಲಕ್ಕಿಂತ ಜಾಸ್ತಿ. ಇವೆಲ್ಲ ಸಾಲದೆಂಬಂತೆ, ಹೈಡ್ರಾಲಿಕ್ ಕೊಳವೆಗಳಲ್ಲಿ ಹರಿಯುವ ದ್ರವ ಸೋರಿ ತಾಗಿದರೆ ಮಾಮೂಲಿ ಬಣ್ಣ ಮೆತ್ತಗಾಗಿ ಎದ್ದುಬರುತ್ತದೆ. ಇಷ್ಟನ್ನೂ ತಡೆದು ಏಳೆಂಟು ವರ್ಷ ಬಾಳಿದರೆ ಆ ಬಣ್ಣ ತನ್ನ ಕೆಲಸ ಮಾಡಿತು ಎಂದೇ ಲೆಕ್ಕ.

ಆ ಲೆಕ್ಕ ಮುಗಿದ ವಿಮಾನಗಳು ಹೋಗುವ ಜಾಗಗಳಲ್ಲಿ ಒಂದು ಕೊಳತ್ತೂರಿನಿಂದ ದೂರವೇನಿಲ್ಲ. ಧರ್ಮಪುರಿ, ಕೃಷ್ಣಗಿರಿ ದಾಟಿ ಬೆಂಗಳೂರಿನ ಹೆದ್ದಾರಿ ಹಿಡಿದರೆ ಹೊಸೂರು. ಅಲ್ಲಿಂದ ತಳಿ ರಸ್ತೆಯಲ್ಲಿ ಬೆಳಗೊಂಡಪಲ್ಲಿ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಚಹಾದಂಗಡಿಯಲ್ಲಿ ಕೇಳಿಸುವ ಸೀಮೆ. ತನೇಜಾ ಏರೋಸ್ಪೇಸ್ ಸಂಸ್ಥೆ ಸಣ್ಣ ವಿಮಾನಗಳನ್ನು ತಯಾರಿಸಲೆಂದು ಇಲ್ಲಿ ತನ್ನದೇ ರನ್‌ವೇ ಕಟ್ಟಿತು. ಬೆಂಗಳೂರು ವಿಮಾನ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಬೇರೆ ನಿಲ್ದಾಣಕ್ಕೆ ಅವಕಾಶ ಕೊಡಬಾರದೆಂಬ ಒಪ್ಪಂದದಿಂದಾಗಿ ಇಲ್ಲಿ ಪ್ರಯಾಣಿಕರ ವಿಮಾನ ಬರಲಿಲ್ಲ. ವಿಮಾನಗಳು ರಿಪೇರಿಗೆ ಮಾತ್ರ ಬರುತ್ತವೆ. 1951ರಲ್ಲಿ ಶುರುವಾದ ಏರ್ ವರ್ಕ್ಸ್ ಕಂಪನಿಯ ಹ್ಯಾಂಗರ್‌ಗಳು ಇಲ್ಲಿವೆ, ಬಣ್ಣ ಬಳಿಯುವ ಹ್ಯಾಂಗರ್ ಸಮೇತ. ಈ ಕೆಲಸದಲ್ಲಿ ಕಂಪನಿಗೆ ಎಷ್ಟು ನಂಬಿಕೆಯಿತ್ತೆಂದರೆ, 2010ರಲ್ಲಿ ಅದು ವಿಮಾನಕ್ಕೆ ಬಣ್ಣ ಹಾಕುವ ಏರ್ ಲಿವರಿ ಎಂಬ ಬ್ರಿಟಿಷ್ ಕಂಪನಿಯನ್ನೇ ಕೊಂಡಿತ್ತು. 2024ರ ಡಿಸೆಂಬರ್‌ನಲ್ಲಿ ಅದಾನಿ ಸಮೂಹ ಈ ಏರ್ ವರ್ಕ್ಸ್‌ನ ಶೇ 85.8 ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು.

ವಿಮಾನಕ್ಕೆ ಬಣ್ಣ ಹೊಡೆಯುವುದೆಂದರೆ ಮುಕ್ಕಾಲು ಕೆಲಸ ಬಣ್ಣ ತೆಗೆಯುವುದು. ಹಳೆಯದರ ಮೇಲೆಯೇ ಪದರ ಏರಿಸುತ್ತ ಹೋದರೆ ತೂಕ ಏರುತ್ತದೆ, ತೂಕ ಏರಿದಷ್ಟೂ ಇಂಧನ ಉರಿಯುತ್ತದೆ. ಮೊದಲು ತೊಳೆದು, ಕಿಟಕಿ, ಟೈರು, ಸೆನ್ಸರ್‌ಗಳಿಗೆಲ್ಲ ಫಾಯಿಲ್ ಮತ್ತು ಟೇಪು ಸುತ್ತುತ್ತಾರೆ. ಆಮೇಲೆ ಅಲ್ಯೂಮಿನಿಯಂ ಭಾಗಕ್ಕೆ ರಾಸಾಯನಿಕ ಬಳಿದು ಬಿಟ್ಟರೆ ಹಳೆ ಬಣ್ಣ ಸುಟ್ಟ ಹಪ್ಪಳದಂತೆ ಗುಳ್ಳೆಯೆದ್ದು ಸುಕ್ಕಾಗುತ್ತದೆ. ಅದನ್ನು ಕೆರೆದು ತೊಳೆಯುವುದು. ನಾರು-ರಾಳದಿಂದ ಮಾಡಿದ ಭಾಗಗಳಿಗೆ ಆ ರಾಸಾಯನಿಕ ತಾಗಿಸುವಂತಿಲ್ಲ. ಅಲ್ಲಿ ಸ್ಯಾಂಡ್‌ಪೇಪರ್ ಹಿಡಿದು ಕೈಯಲ್ಲೇ ಉಜ್ಜಬೇಕು, ಅದೂ ಕೆಳಗಿನ ನಾರು ಕೆರೆಯದಂತೆ. ಬೋಳಾದ ಲೋಹದ ಮೇಲೆ ತುಕ್ಕು, ಬಿರುಕು ಇದೆಯೇ ಎಂದು ಎಂಜಿನಿಯರ್‌ಗಳು ನೋಡುವುದು ಈ ಹೊತ್ತಿನಲ್ಲೇ. ಬಣ್ಣ ಹಾಕಿಸಿಕೊಳ್ಳಲು ಬಂದ ವಿಮಾನಕ್ಕೆ ಪುಕ್ಕಟೆಯಾಗಿ ಸಿಗುವ ದೊಡ್ಡ ಲಾಭ ಇದು.

ಬಣ್ಣ ಒಣಗಿದ ಮೇಲೂ ಕೆಲಸವಿದೆ. ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರಗಳು, ಇಲ್ಲಿ ಕಾಲಿಡಬೇಡಿ, ತುರ್ತಿನಲ್ಲಿ ಇಲ್ಲಿ ಕತ್ತರಿಸಿ ಎಂಬಂಥ ನೂರಾರು ಸಣ್ಣ ಬರಹಗಳು ಒಂದೂ ಬಿಡದಂತೆ ಮತ್ತೆ ತಂತಮ್ಮ ಜಾಗಕ್ಕೆ ಬರಬೇಕು. ಬಾಲದ ಚುಕ್ಕಾಣಿಯಂಥ ಅಲುಗುವ ಭಾಗಗಳಿಗೆ ಹಚ್ಚಿದ ಬಣ್ಣದ ಭಾರದಿಂದ ಸಮತೋಲ ತಪ್ಪಿದೆಯೇ ಎಂದು ನೋಡಬೇಕು. ಇಡೀ ವಿಮಾನವನ್ನೇ ತೂಗಬೇಕು. ಹೀಗೆ ಒಂದು ಸಾಧಾರಣ ಜೆಟ್ ವಾರದಿಂದ ಎರಡು ವಾರ ಹ್ಯಾಂಗರ್ ಬಿಟ್ಟು ಹೊರಬರುವುದಿಲ್ಲ. ಬಣ್ಣದ ಬೆಲೆಗಿಂತ ಆ ದಿನಗಳಲ್ಲಿ ಮಾರದೆ ಹೋದ ಟಿಕೆಟ್‌ಗಳ ಬೆಲೆಯೇ ಕಂಪನಿಗಳನ್ನು ಹೆಚ್ಚು ಕಾಡುತ್ತದೆ. ‘ಇನ್ನೊಂದು ವರ್ಷ ಓಡಲಿ’ ಎನ್ನುವ ಮಾತು ಹುಟ್ಟುವುದು ಇಲ್ಲೇ.

ಸುತ್ತಿದ ಟೇಪನ್ನು ಬಿಚ್ಚುವ ಕೆಲಸ ಕೇಳಲು ಕ್ಷುಲ್ಲಕ. 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ಹೊರಟ ಏರೋಪೆರು ಕಂಪನಿಯ ಬೋಯಿಂಗ್ 757ರಲ್ಲಿ ಅದೇ ತಪ್ಪಿಹೋಗಿತ್ತು. ವಿಮಾನದ ಮೈ ತೊಳೆದು ಪಾಲಿಶ್ ಮಾಡುವಾಗ ಗಾಳಿಯೊತ್ತಡ ಅಳೆಯುವ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಕೆಲಸಗಾರ ತೆಗೆಯಲಿಲ್ಲ, ಪರೀಕ್ಷಿಸಬೇಕಾದವರಿಗೂ ಅದು ಕಾಣಲಿಲ್ಲ. ಹಾರಿದ ಮೇಲೆ ಎತ್ತರ, ವೇಗ ಎರಡರ ಲೆಕ್ಕವೂ ಪೈಲಟ್‌ಗಳಿಗೆ ತಪ್ಪಾಗಿ ಸಿಕ್ಕಿತು. ಕತ್ತಲಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು, 70 ಜನ ಸತ್ತರು. ಥಳಥಳ ಹೊಳೆಯುತ್ತಿದ್ದ ವಿಮಾನ ಅದು.

ಇದಕ್ಕೆ ತೀರಾ ಉಲ್ಟಾ ಉದಾಹರಣೆಗಳು ಈಚಿನ ವರ್ಷಗಳಲ್ಲಿ ಫೋನುಗಳಲ್ಲಿ ಓಡಾಡುತ್ತಿವೆ. ಕಿಟಕಿ ಪಕ್ಕದ ಪ್ರಯಾಣಿಕ ರೆಕ್ಕೆಯ ಮೇಲೆ ಅಲ್ಲಲ್ಲಿ ಬೆಳ್ಳಿ ಬಣ್ಣದ ಪಟ್ಟಿ ಅಂಟಿಸಿದ್ದು ನೋಡಿ, ಟೇಪು ಸುತ್ತಿ ವಿಮಾನ ಹಾರಿಸುತ್ತಿದ್ದಾರೆ ಎಂದು ಫೋಟೊ ಹಾಕುತ್ತಾನೆ. ಅದು ಅಂಗಡಿಯ ಟೇಪಲ್ಲ. ಸ್ಪೀಡ್ ಟೇಪ್ ಎಂಬ ಅಲ್ಯೂಮಿನಿಯಂ ಪಟ್ಟಿ, ವಿಮಾನದ ವೇಗವನ್ನೂ ಬಿಸಿಲನ್ನೂ ತಾಳುವಂಥದ್ದು. ಬೋಯಿಂಗ್ 787ರ ರೆಕ್ಕೆ ಕಾರ್ಬನ್ ನಾರಿನದು. ನೇರಳಾತೀತ ಕಿರಣ ಮೇಲಿನ ಬಣ್ಣವನ್ನು ಹಾದು ಕೆಳಗಿನ ಪದರದ ಹಿಡಿತ ಸಡಿಲಿಸಿದ್ದರಿಂದ ಏರ್ ನ್ಯೂಜಿಲೆಂಡ್ ಸೇರಿ ಹಲವು ಕಂಪನಿಗಳ ವಿಮಾನಗಳಲ್ಲಿ ರೆಕ್ಕೆಯ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತು. ಪೂರ್ತಿ ಬಣ್ಣ ಬಳಿಯುವ ಸರದಿ ಬರುವ ತನಕ ಟೇಪು. ರೆಕ್ಕೆಯ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬೋಯಿಂಗ್ ಹೇಳಿತು. ಹೇಳಿದ್ದು ನಿಜ. ಆದರೆ ಮೂವತ್ತೈದು ಸಾವಿರ ಅಡಿ ಮೇಲೆ ಕೂತು ಟೇಪು ನೋಡುತ್ತಿರುವವನಿಗೆ ಆ ನಿಜವನ್ನು ವಿವರಿಸಲು ಪಕ್ಕದಲ್ಲಿ ಎಂಜಿನಿಯರ್ ಕೂತಿರುವುದಿಲ್ಲ.

ಬಣ್ಣದ ಜಗಳ ಕೋರ್ಟು ಮೆಟ್ಟಿಲೇರಿದ್ದೂ ಉಂಟು. 2022ರ ಫುಟ್‌ಬಾಲ್ ವಿಶ್ವಕಪ್‌ಗೆಂದು ವಿಶೇಷ ಬಣ್ಣ ಹಚ್ಚಿಸಲು ಕತಾರ್ ಏರ್‌ವೇಸ್ ತನ್ನ ಒಂದು ಏರ್‌ಬಸ್ ಎ350 ವಿಮಾನವನ್ನು ಐರ್ಲೆಂಡಿನ ಶಾನನ್‌ಗೆ ಕಳಿಸಿತ್ತು. ಹಳೆ ಬಣ್ಣ ತೆಗೆಯಲು ಹೋದಾಗ ಕೆಳಗಿನ ಪದರ ಬಿರಿದಿರುವುದೂ, ಸಿಡಿಲಿನಿಂದ ಕಾಪಾಡಲು ಹಾಸಿದ ತೆಳು ತಾಮ್ರದ ಜಾಲರಿ ಅಲ್ಲಲ್ಲಿ ಹೊರಬಿದ್ದಿರುವುದೂ ಕಂಡಿತು. ಕತಾರ್ ಇಪ್ಪತ್ತಕ್ಕೂ ಹೆಚ್ಚು ಎ350ಗಳನ್ನು ನಿಲ್ಲಿಸಿ ಲಂಡನ್ ಹೈಕೋರ್ಟಿಗೆ ಹೋಯಿತು, ಸುಲಿದ ಮೈಯ ವಿಡಿಯೊವನ್ನು ಜಗತ್ತಿಗೆಲ್ಲ ತೋರಿಸಿತು. ಇದು ಮೇಲ್ಮೈಯ ದೋಷ ಅಷ್ಟೇ, ಹಾರಾಟಕ್ಕೆ ಅಪಾಯವಿಲ್ಲ ಎಂದು ಏರ್‌ಬಸ್ ವಾದಿಸಿತು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯೂ ಅಪಾಯ ಕಾಣಲಿಲ್ಲ. ಸಿಟ್ಟಿನಲ್ಲಿ ಏರ್‌ಬಸ್, ಕತಾರ್ ಕೊಟ್ಟಿದ್ದ 50 ಎ321 ವಿಮಾನಗಳ ಆರ್ಡರನ್ನೇ ರದ್ದು ಮಾಡಿತು. 2023ರ ಫೆಬ್ರುವರಿಯಲ್ಲಿ ಇಬ್ಬರೂ ರಾಜಿಯಾದರು. ಕೋಟಿಗಟ್ಟಲೆ ಡಾಲರಿನ ಈ ಮೊಕದ್ದಮೆಯ ತಿರುಳು ಕೊನೆಗೂ ಮೆಟ್ಟಿಲ ಬುಡದ ಪ್ರಯಾಣಿಕನ ಪ್ರಶ್ನೆಯೇ ಆಗಿತ್ತು.

ಬಣ್ಣ ಕೆಟ್ಟರೆ ಹೀಗಾದರೆ, ಬಣ್ಣ ಬದಲಿಸಿದರೂ ಜನ ಸುಮ್ಮನಿರುವುದಿಲ್ಲ. 1971ರಲ್ಲಿ ಏರ್ ಇಂಡಿಯಾ ತನ್ನ ಮೊದಲ ಜಂಬೋ ಜೆಟ್ ತಂದಾಗ ಪ್ರತಿ ಕಿಟಕಿಯ ಸುತ್ತ ಕೆಂಪು ಬಣ್ಣದಲ್ಲಿ ರಾಜಸ್ಥಾನದ ಜರೋಖಾ ಬರೆಸಿ, ಆಕಾಶದ ಅರಮನೆ ಎಂದು ಕರೆಯಿತು. 1989ರಲ್ಲಿ ಆ ಕಮಾನುಗಳನ್ನು ಅಳಿಸಿ, ಬಿಳಿ ಮೈ, ಕೆಂಪು ಬಾಲದ ಹೊಸ ವಿನ್ಯಾಸ ತಂದಾಗ ದೊಡ್ಡ ಗಲಾಟೆಯಾಯಿತು. ಜರೋಖಾ ಮರಳಿ ಬರಬೇಕಾಯಿತು. ಬ್ರಿಟಿಷ್ ಏರ್‌ವೇಸ್ 1997ರಲ್ಲಿ ಬಾಲದ ಮೇಲಿನ ಧ್ವಜದ ಬಣ್ಣ ತೆಗೆದು ನಾನಾ ದೇಶಗಳ ಕಲೆ ಬರೆಸಿದಾಗ, ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕ್ಯಾಮೆರಾಗಳ ಎದುರಿಗೇ ಕರ್ಚೀಫು ತೆಗೆದು ಮಾದರಿ ವಿಮಾನದ ಬಾಲ ಮುಚ್ಚಿದರು. ಕೆಲವೇ ವರ್ಷಗಳಲ್ಲಿ ಆ ಕಲೆಯೆಲ್ಲ ಅಳಿಸಿಹೋಯಿತು.

ಎಲ್ಲಕ್ಕಿಂತ ಪೇಚಿನ ಪ್ರಸಂಗ ಥಾಯ್ ಏರ್‌ವೇಸ್‌ನದು. 2013ರ ಸೆಪ್ಟೆಂಬರ್‌ನಲ್ಲಿ ಅದರ ಎ330 ವಿಮಾನವೊಂದು ಬ್ಯಾಂಕಾಕ್‌ನಲ್ಲಿ ಇಳಿಯುವಾಗ ರನ್‌ವೇ ಬಿಟ್ಟು ಜಾರಿತು. ಮರುದಿನ ಕೆಲಸಗಾರರು ಕ್ರೇನ್ ಏರಿ ಬಾಲದ ಲಾಂಛನಕ್ಕೂ ಮೈಮೇಲಿನ ಹೆಸರಿಗೂ ಕಪ್ಪು ಬಣ್ಣ ಬಳಿಯುತ್ತಿದ್ದುದನ್ನು ಟೀವಿಗಳು ತೋರಿಸಿದವು. ವಿಮಾನ ಕಂಪನಿಗಳ ಸ್ಟಾರ್ ಅಲಯನ್ಸ್ ಕೂಟದ ನಿಯಮ ಹಾಗಿದೆ ಎಂದಿತು ಕಂಪನಿ; ಅಂಥ ನಿಯಮವೇ ಇಲ್ಲ ಎಂದಿತು ಆ ಕೂಟ. ಬಳಿದ ಕಪ್ಪಿನಿಂದಲೇ ಸುದ್ದಿ ದೇಶ ದಾಟಿತು.

ಮತ್ತೆ ಕಿಂಗ್‌ಫಿಷರ್‌ಗೆ ಬರೋಣ. ಅದಕ್ಕೂ ಮೊದಲು ಕನ್ನಡಿಗರೇ ಕಟ್ಟಿದ ಇನ್ನೊಂದು ಕಂಪನಿಯ ಕತೆ ಹೇಳಬೇಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದ್ದು ಬೆಂಗಳೂರು-ಹುಬ್ಬಳ್ಳಿ ನಡುವೆ, ಇಂಥದೇ ಎಟಿಆರ್ ವಿಮಾನದಲ್ಲಿ. ಅದರ ಗುರುತಾಗಿ ಆರಿಸಿಕೊಂಡದ್ದು ಮೈಸೂರಿನ ಆರ್. ಕೆ. ಲಕ್ಷ್ಮಣ್ ಬರೆದ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು. ಮೊದಲ ಸಲ ವಿಮಾನ ಹತ್ತುವವನಿಗೆ ಇದು ನನ್ನದೇ ಎನ್ನಿಸಬೇಕಿತ್ತು, ಅನ್ನಿಸಿತು. 2007ರಲ್ಲಿ ಕಿಂಗ್‌ಫಿಷರ್‌ನ ಒಡೆಯ ವಿಜಯ್ ಮಲ್ಯ ಅದರ ಪಾಲು ಕೊಂಡ ಮೇಲೆ ಹಳೆಯ ಬಣ್ಣ ಹೋಗಿ ಕೆಂಪು ಬಂತು, ಮಿಂಚುಳ್ಳಿ ಕೂತಿತು, 2008ರಲ್ಲಿ ಹೆಸರೂ ಕಿಂಗ್‌ಫಿಷರ್ ರೆಡ್ ಆಯಿತು. ದುಡ್ಡು ಉಳಿಸಲು ಬಂದ ಪ್ರಯಾಣಿಕನಿಗೆ ಅದು ದುಬಾರಿಯಂತೆ ಕಂಡಿತು. ದುಡ್ಡು ಚೆಲ್ಲಲು ತಯಾರಿದ್ದವನಿಗೆ ಅಗ್ಗದ್ದಾಗಿ ಕಂಡಿತು.

2005ರ ಮೇ ತಿಂಗಳಲ್ಲಿ ಹಾರಾಟ ಶುರು ಮಾಡಿದ ಕಿಂಗ್‌ಫಿಷರ್ ಒಂದೇ ಒಂದು ವರ್ಷವೂ ಲಾಭ ಕಾಣಲಿಲ್ಲ. ಆದರೆ ನಮ್ಮ ದೇಶದಲ್ಲಿ ಅಷ್ಟು ಮುತುವರ್ಜಿಯಿಂದ ಮೇಲ್ನೋಟ ಕಾಪಾಡಿಕೊಂಡ ಕಂಪನಿಗಳು ಕಡಿಮೆ. ಪೈಲಟ್, ಎಂಜಿನಿಯರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ, ಎಣ್ಣೆ ಕಂಪನಿಗಳಿಗೆ ಬಾಕಿ, ಬ್ಯಾಂಕುಗಳಿಗೆ ಸಾವಿರಾರು ಕೋಟಿ ಸಾಲ. ಆಗಲೂ ಕೆಂಪು ಕೆಂಪಾಗಿಯೇ ಹೊಳೆಯುತ್ತಿತ್ತು. 2012ರ ಅಕ್ಟೋಬರ್‌ನಲ್ಲಿ ಎಂಜಿನಿಯರ್‌ಗಳ ಮುಷ್ಕರದಿಂದ ವಿಮಾನಗಳು ನಿಂತವು, ಲೈಸೆನ್ಸ್ ಅಮಾನತಾಯಿತು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ವಿಮಾನ ರಂಗದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಲ್ಯರ ಸ್ವಂತ ಎ319 ಜೆಟ್ ಮುಂಬೈ ನಿಲ್ದಾಣದಲ್ಲಿ ವರ್ಷಗಟ್ಟಲೆ ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತು, ಹಲವು ಹರಾಜುಗಳಾದ ಬಳಿಕ 2018ರಲ್ಲಿ ಬಿಕರಿಯಾಯಿತು.

ಈಗ ಅದೇ ಪರೀಕ್ಷೆ ಟಾಟಾ ಕೈ ಸೇರಿದ ಏರ್ ಇಂಡಿಯಾಕ್ಕೆ. 2023ರ ಆಗಸ್ಟ್‌ನಲ್ಲಿ ಹೊಸ ಲಾಂಛನ, ಹೊಸ ಬಣ್ಣ ಪ್ರಕಟವಾಯಿತು. 2024ರ ನವೆಂಬರ್ 12ಕ್ಕೆ ವಿಸ್ತಾರ ವಿಮಾನ ಕಂಪನಿ ಅದರಲ್ಲಿ ಕರಗಿತು. ನೂರಾರು ವಿಮಾನಗಳಿಗೆ ಒಟ್ಟಿಗೆ ಬಣ್ಣ ಹಚ್ಚುವಷ್ಟು ಹ್ಯಾಂಗರ್ ಯಾರ ಬಳಿಯೂ ಇಲ್ಲ. ಹಾಗಾಗಿ ಏರ್ ಇಂಡಿಯಾ ಟಿಕೆಟ್ ಹಿಡಿದವರು ವಿಸ್ತಾರದ ನೇರಳೆ ಬಾಲದ ವಿಮಾನ ಹತ್ತಿದ್ದೂ, ಹೊಸ ಜಾಹೀರಾತು ನೋಡಿ ಬಂದವರಿಗೆ ಹಳೆಯ ಕೊನಾರ್ಕ್ ಚಕ್ರದ ವಿಮಾನ ಸಿಕ್ಕಿದ್ದೂ ಮಾಮೂಲಾಯಿತು. ಹೊಸ ಬಣ್ಣದ ಹೊರಮೈಯೊಳಗೆ ಮುರಿದ ಸೀಟು ಸಿಕ್ಕಾಗ ಪ್ರಯಾಣಿಕನಿಗೆ ಬರುವ ಸಿಟ್ಟು ಹಳೆ ಬಣ್ಣದ ವಿಮಾನದಲ್ಲಿ ಬರುವುದಕ್ಕಿಂತ ಜಾಸ್ತಿ. ಬಣ್ಣ ಒಂದು ಮಾತು ಕೊಟ್ಟಿರುತ್ತದೆ.

ಹಾಗಾದರೆ ಕಾಮಲಾಪುರದ ಮೆಟ್ಟಿಲ ಬುಡದಲ್ಲಿ ನಿಂತವನು ಏನನ್ನು ನೋಡಬೇಕು? ಮಾಸಿದ ಬಣ್ಣ, ಮಸಿಯ ಗೀಟು, ರಿವೆಟ್ ಸುತ್ತ ಉದುರಿದ ಚಕ್ಕೆ, ಬೆಳ್ಳಿ ಟೇಪು, ಇವಕ್ಕೆ ಹೆದರಬೇಕಿಲ್ಲ. ಇವೆಲ್ಲ ಎಷ್ಟಿರಬಹುದೆಂದು ತಯಾರಕರ ಕೈಪಿಡಿಯಲ್ಲೇ ಮಿತಿಯಿದೆ, ನೋಡುವವರೂ ಇದ್ದಾರೆ. ಅವುಗಳಿಂದ ಕಂಪನಿಯ ಶ್ರದ್ಧೆ, ಕಿಸೆ ಎರಡನ್ನೂ ಒಂದಿಷ್ಟು ಊಹಿಸಬಹುದು, ಅಷ್ಟೇ. ಕಿಂಗ್‌ಫಿಷರ್ ವಿಷಯದಲ್ಲಿ ಆ ಊಹೆಯೂ ಕೈಕೊಟ್ಟಿತು. ಆದರೆ ಬಣ್ಣ ಹೋದ ಗುರುತು ಬೇರೆ, ತಗಡಿನಲ್ಲೇ ಓಡಿದ ಬಿರುಕು ಬೇರೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪದಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಹತ್ತುವಾಗ ಪ್ರಯಾಣಿಕರೊಬ್ಬರಿಗೆ ಬಾಗಿಲ ಹತ್ತಿರ, ರಿವೆಟ್ ಸಾಲಿನುದ್ದಕ್ಕೆ, ಒಂದು ಬಿರುಕು ಕಂಡಿತ್ತು. ಯಾರಿಗೂ ಹೇಳಲಿಲ್ಲ. 24,000 ಅಡಿ ಮೇಲೆ ವಿಮಾನದ ಚಾವಣಿ ಹದಿನೆಂಟು ಅಡಿ ಉದ್ದಕ್ಕೆ ಹರಿದು ಹಾರಿಹೋಯಿತು; ಗಗನಸಖಿಯೊಬ್ಬರು ಸತ್ತರು, 65 ಮಂದಿ ಗಾಯಗೊಂಡರು. ಬಿರುಕು, ತೊಟ್ಟಿಕ್ಕುವ ದ್ರವ, ಮುಚ್ಚದ ಫಲಕ ಕಂಡರೆ ಫೋಟೊ ಆಮೇಲೆ ಹಾಕಿಕೊಳ್ಳಿ. ಮೊದಲು ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಹೇಳಿ.